ಉಳಿದ ಒಂಬತ್ತು ಮಂದಿ ಎಲ್ಲಿ?

(ಮಂಗಳೂರಿನ ಓದುಗರೊಬ್ಬರು ನೆರೆಮನೆಯಲ್ಲಿ ಒಬ್ಬರೇ ಇರುವ ಬಾಯಮ್ಮನಿಗೆ ನಾಲ್ಕು ವರ್ಷಗಳಿಂದ ಮಧ್ಯಾಹ್ನ ಗಂಜಿ, ಮೀನುಸಾರು ಕೊಡುತ್ತಿದ್ದಾರೆ. ತಿಂಗಳಿಗೊಮ್ಮೆ ಆಸ್ಪತ್ರೆಗೂ ಕರೆದೊಯ್ಯುತ್ತಾರೆ. ಇಗರ್ಜಿ (ಚರ್ಚ್) ಹಬ್ಬದಂದು ಸೇವೆ ಮಾಡಿದವರಿಗೆ ಶಾಲು ಹೊದಿಸಿದಾಗ ಅವರ ಹೆಸರು ಬರಲಿಲ್ಲ. ಗಲ್ಫ್‌ನಿಂದ ಬಂದ ಬಾಯಮ್ಮನ ಮಗನೂ ಒಂದು ಮಾತು ಆಡಲಿಲ್ಲ. 'ಬೇಸರವಾಯಿತು. ಇದು ಪಾಪವೇ?' ಎಂದು ಕೇಳಿದ್ದಾರೆ.)

ಸಹೋದರಿ,

ಪಾಪವಲ್ಲ. ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರಶ್ನೆ ಬಂದರೆ ನಾವು 'ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು' ಎಂದು ಬೈಬಲಿನಲ್ಲಿ ಮತ್ತಾಯನ 6ನೇ ಅಧ್ಯಾಯ ತೋರಿಸಿ ಕೈ ತೊಳೆದುಕೊಳ್ಳುತ್ತೇವೆ. ನನಗೆ ನೆನಪಾದದ್ದು ಲೂಕನ 17ನೇ ಅಧ್ಯಾಯ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು. 'ಉಳಿದ ಒಂಬತ್ತು ಮಂದಿ ಎಲ್ಲಿ?' ಎಂದು ಯೇಸು ಕೇಳಿದರು. ಅವರೂ ಲೆಕ್ಕ ಇಟ್ಟಿದ್ದರು, ಅಲ್ವಾ? ಆದರೆ ಆ ಒಂಬತ್ತು ಮಂದಿಗೆ ಕುಷ್ಠ ಮತ್ತೆ ಬಂತು ಎಂದು ಲೂಕ ಬರೆದಿಲ್ಲ. ಕೊಟ್ಟದ್ದನ್ನು ಯೇಸು ವಾಪಸ್ ತೆಗೆದುಕೊಳ್ಳಲಿಲ್ಲ.

ಶಾಲಿನ ಮರುದಿನ ನೀವು ಗಂಜಿ ಕೊಡಲು ಹೋದಿರಾ ಎಂದು ಪತ್ರದಲ್ಲಿ ಹುಡುಕಿದೆ. 'ಮರುದಿನ ಬಂಗುಡೆ ಸಿಗಲಿಲ್ಲ, ಬೂತಾಯಿ ಸಾರು ಕೊಟ್ಟೆ' ಎಂದು ನಡುವೆ ಎಲ್ಲೋ ಸುಮ್ನೆ ಬರೆದಿದ್ದೀರಿ. ಆ ಸಾಲನ್ನು ಎರಡು ಸಲ ಓದಿದೆ.

ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ನೆನಪಾದರು. ಜರ್ಮನಿಯಲ್ಲಿ ಹುಟ್ಟಿದ ಈ ಯೇಸುಸಭೆಯ (ಜೆಸ್ವಿಟ್) ಪಾದ್ರಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಆಗ ಕುಷ್ಠ ಗುಣಪಡಿಸುವ ಮದ್ದೇ ಇರಲಿಲ್ಲ. 'ಗುಣವಾಯ್ತು ಫಾದರ್' ಎಂದು ಬಂದು ಹೇಳಲು ಯಾರಿದ್ದರು? ಇವತ್ತು ಊರೆಲ್ಲ ಅಲ್ಲಿನ ಆಸ್ಪತ್ರೆಯನ್ನು ಅವರ ಹೆಸರಿನಿಂದಲೇ ಕರೆಯುತ್ತದೆ, ಸರಿ. 1910ರಲ್ಲಿ ತೀರಿಕೊಂಡವರಿಗೆ ಅದರಿಂದ ಏನು?

ನಮ್ಮ ತಪ್ಪೂ ಇದೆ. ಹತ್ತು ನೋಟ್‌ಬುಕ್ ಕೊಟ್ಟು ಹನ್ನೆರಡು ಜನ ನಿಂತ ಫೋಟೊ ಈ ಪತ್ರಿಕೆಯಲ್ಲೂ ಬರುತ್ತದೆ. ಗಂಜಿ ಕೊಡುವವರ ಫೋಟೊ ಯಾರೂ ಕಳಿಸುವುದಿಲ್ಲ, ನಾವೂ ಕೇಳುವುದಿಲ್ಲ.

ಇನ್ನು ಮಗನ ವಿಷಯ. ಅವನಿಂದ ಥ್ಯಾಂಕ್ಸ್ ಕಾಯಬೇಡಿ. ಆದರೆ ಮದ್ದಿನ ಚೀಟಿ, ರಿಕ್ಷಾ ಬಾಡಿಗೆಯ ಲೆಕ್ಕ ಅವನ ಕೈಗೆ ಕೊಡಿ. ಮುಂದಿನ ಸಲ ಅವನೇ ಕರೆದೊಯ್ಯಲಿ. ಅದು ನೀವು ಕೇಳುವ ಪ್ರತಿಫಲ ಅಲ್ಲ, ಅವನ ಪಾಲಿನ ಕೆಲಸ. ಎಲ್ಲ ನೀವೇ ಹೊತ್ತುಕೊಂಡರೆ ಅವನಿಗೆ ಉಳಿಯುವುದೇನು?

ಪತ್ರದ ಕೊನೆಗೆ 'ದಯವಿಟ್ಟು ನನ್ನ ಹೆಸರು ಹಾಕಬೇಡಿ' ಎಂದಿದ್ದೀರಿ. ಓದಿ ನಗು ಬಂತು. ಹಾಕಿಲ್ಲ.

— ಸಂಪಾದಕ