ಅಪ್ಪ ಬದಲಾದರು, ನನ್ನ ಕೈ ನಡುಕ ಹೋಗಲಿಲ್ಲ

ಪ್ರಶ್ನೆ: ಅಕ್ಕಾ, ನನಗೆ 33 ವರ್ಷ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಚಿಕ್ಕವಳಿದ್ದಾಗ ಅಪ್ಪ ಕುಡಿದು ಬಂದು ಅಮ್ಮನಿಗೂ ನನಗೂ ಹೊಡೆಯುತ್ತಿದ್ದರು. ಅವರು ಕುಡಿತ ಬಿಟ್ಟು 8 ವರ್ಷವಾಯಿತು. ಈಗ ಸಂಜೆ ನನ್ನ ಮಗನಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಾರೆ. ‘ಎಂಥಾ ಒಳ್ಳೆ ತಾತ’ ಅಂತಾರೆ ಎಲ್ಲರೂ. ನನಗೆ ಗೇಟಿನ ಚಿಲಕ ಸದ್ದಾದರೆ ಇವತ್ತಿಗೂ ಕೈ ನಡುಗುತ್ತದೆ. ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನಾಚಿಕೆ. ನಮ್ಮ ಯಜಮಾನರು ಒಳ್ಳೆಯವರು. ‘ಹಳೇದೆಲ್ಲ ಬಿಟ್ಟುಬಿಡು’ ಅಂತಾರೆ. ಬಿಡೋಕೆ ಆಗ್ತಿಲ್ಲ. ನಾನೇ ಕೆಟ್ಟವಳಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗೀ, ನೀನು ಅಂತಲೇ ಬರೆಯುತ್ತೇನೆ. ಕೆಟ್ಟವಳಲ್ಲ.

ನನ್ನದೊಂದು ಹೇಳುತ್ತೇನೆ. ನನಗೆ 19 ಆಗಿದ್ದಾಗ ಸೀಮೆಎಣ್ಣೆ ಪಂಪ್ ಸ್ಟೋವ್ ಸಿಡಿದು ಎಡಗೈ ಮೊಣಕೈವರೆಗೆ ಸುಟ್ಟಿತು. ಗಾಯ ಮಾಯಿತು. ಬೆಂಕಿಕಡ್ಡಿ ಗೀರುವ ಸದ್ದಿನ ಭಯ ಮಾತ್ರ ಹೋಗಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅದನ್ನು ಗಮನಿಸಿದವಳು ನನ್ನ ಓರಗಿತ್ತಿ. ಒಂದು ಮಾತೂ ಕೇಳಲಿಲ್ಲ. ‘ಒಲೆ ನಾನು ಹಚ್ಚುತ್ತೇನೆ, ನೀನು ಸೊಪ್ಪು ಸೋಸು’ ಅಂದಳು. ಎರಡು ವರ್ಷ ದಿನಾ ಬೆಳಗ್ಗೆ ಅವಳೇ ಹಚ್ಚಿದಳು. ಆಮೇಲೊಂದು ದಿನ ಅವಳು ಜ್ವರದಿಂದ ಮಲಗಿದ್ದಾಗ ನಾನೇ ಹಚ್ಚಿದೆ. ಕೈ ನಡುಗುತ್ತಲೇ ಇತ್ತು, ಆದರೂ ಹಚ್ಚಿದೆ. ಉದ್ದ ತೋಳಿನ ರವಿಕೆ ಬಿಡೋಕೆ ಇನ್ನೂ 11 ವರ್ಷ ಬೇಕಾಯಿತು. ಹರಿಹರದ ಒಂದು ಮದುವೆಯಲ್ಲಿ ಗಿಡ್ಡ ತೋಳಿನದು ಹಾಕಿಕೊಂಡು ಹೋದೆ. ಯಾರೋ ಕಲೆ ನೋಡಿ ‘ಅಯ್ಯೋ’ ಅಂದರು. ‘ಹೌದು, ಸುಟ್ಟಿತ್ತು’ ಅಂದು ಊಟಕ್ಕೆ ಕೂತೆ.

ನಮ್ಮ ಮಿದುಳಲ್ಲಿ ಅಮಿಗ್ಡಲ ಅಂತ ಒಂದು ಪುಟ್ಟ ಭಾಗವಿದೆ. ಅಪಾಯ ಕಂಡರೆ ಯೋಚನೆಗಿಂತ ಮುಂಚೆ ಅದು ಮೈಯನ್ನು ಎಚ್ಚರಿಸುತ್ತದೆ. ಆ ಚಿಕ್ಕ ಹುಡುಗಿಗೆ ಚಿಲಕದ ಸದ್ದೇ ಸುಳಿವು. ಸದ್ದಾದರೆ ಅಡಗಿಕೊಳ್ಳಬೇಕು ಅಂತ ಮೈ ಕಲಿತಿತ್ತು. ಅಪ್ಪ ಕುಡಿತ ಬಿಟ್ಟಿದ್ದು ನಿನಗೆ ಗೊತ್ತು, ಮೈಗಿನ್ನೂ ಗೊತ್ತಾಗಿಲ್ಲ, ಅಷ್ಟೇ. ನಿನ್ನನ್ನು ಕಾಯಲು ಕಲಿತ ಆ ಕೈಯನ್ನು ಬೈಯಬೇಡ. ನಡುಗಿದಾಗ ಮಷಿನ್ ನಿಲ್ಲಿಸು. ಎರಡೂ ಪಾದ ನೆಲಕ್ಕೆ ಒತ್ತು. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡು. ‘ಇದು ನನ್ನ ಮನೆ, ನನಗೆ 33’ ಅಂತ ಹೇಳಿಕೋ.

ಇನ್ನು ಅಪ್ಪ. ತಾತನಾಗಿ ಅವರು ಒಳ್ಳೆಯವರಾಗಿರಬಹುದು. ನಿನಗೆ ಹೊಡೆದಿದ್ದೂ ನಿಜ. ಮಗ ಮಿರ್ಚಿ ತಿನ್ನುವಾಗ ನಿನಗೆ ಸಿಟ್ಟು ಬರುತ್ತದಲ್ಲ, ನನಗೇಕೆ ಈ ಅಪ್ಪ ಸಿಗಲಿಲ್ಲ ಅನ್ನೋ ಸಂಕಟ ಅದು ಅಂತ ನನಗನಿಸುತ್ತದೆ. ಅದಕ್ಕೆ ನಾಚಿಕೆ ಯಾಕೆ? ಕ್ಷಮಿಸಲೇಬೇಕು ಅಂತ ಯಾರಾದರೂ ಅವಸರ ಮಾಡಿದರೆ ಕೇಳಬೇಡ.

ಯಜಮಾನರಿಗೆ ‘ಅರ್ಥ ಮಾಡಿಕೊಳ್ಳಿ’ ಅಂದರೆ ಏನು ಮಾಡಬೇಕೋ ಅವರಿಗೆ ತಿಳಿಯಲ್ಲ. ಒಂದೇ ಕೆಲಸ ಹೇಳು: ಚಿಲಕ ಮುಟ್ಟೋ ಮುಂಚೆ ಗೇಟಿನಿಂದಲೇ ನಿನ್ನ ಹೆಸರು ಕೂಗಲಿ. ಆಗುತ್ತೆ ಅನಿಸಿದರೆ ಅಪ್ಪನಿಗೂ ಹೇಳಿಸು.

ಇದರ ಜೊತೆಗೆ ಒಬ್ಬ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡು. ಇಂಥ ಹಳೆಯ ಏಟಿಗೆಂದೇ ಮಾತಿನ ಚಿಕಿತ್ಸೆಗಳಿವೆ, ಕೆಲಸ ಮಾಡುತ್ತವೆ. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಗುರುತಿನವರು ನೋಡಿಯಾರು ಅನ್ನೋ ಹಿಂಜರಿಕೆಯಿದ್ದರೆ ಮೊದಲು 14416ಕ್ಕೆ ಫೋನ್ ಮಾಡು. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀನು ಹೇಳಿದ್ದನ್ನು ವೈದ್ಯರು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಬದುಕೇ ಬೇಡ ಅನಿಸಿದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡ. ಆಗಲೇ ಫೋನ್ ಮಾಡು, ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೋ.

ಗೇಟಿನಿಂದ ಹೆಸರು ಕೂಗೋದು ಶುರುವಾಯಿತಾ ಅಂತ ಒಂದು ಕಾರ್ಡು ಹಾಕು, ಕಾಯುತ್ತಿರುತ್ತೇನೆ.