ಬಿಯರ್ ಮಾಡಿದವನೇ ಮಾರಿದರೆ ಏನು ತಪ್ಪು?

ಪ್ರಶ್ನೆ: ಮೇಡಂ, ನನ್ನ ತಮ್ಮ ಇಲಿನಾಯ್‌ನಲ್ಲಿ ಇಬ್ಬರು ಸ್ನೇಹಿತರ ಜತೆ ಸೇರಿ ಪುಟ್ಟ ಬ್ರೂವರಿ ಶುರು ಮಾಡಿದ್ದಾನೆ. ಸುತ್ತಮುತ್ತಲ ಬಾರ್‌ನವರೇ ಹುಡುಕಿಕೊಂಡು ಬಂದು ಬಿಯರ್ ಕೇಳ್ತಾರಂತೆ. ಆದರೆ ಅಮೆರಿಕದಲ್ಲಿ ಮಾಡಿದವನು ನೇರವಾಗಿ ಬಾರಿಗೆ ಮಾರುವ ಹಾಗಿಲ್ಲ, ನಡುವೆ ಡಿಸ್ಟ್ರಿಬ್ಯೂಟರ್ ಇರಲೇಬೇಕು ಅಂತ ಯಾರೋ ಹೇಳಿದ್ದಾರೆ. ಒಬ್ಬ ಡಿಸ್ಟ್ರಿಬ್ಯೂಟರ್ ಆಗಲೇ ಒಪ್ಪಂದದ ಕಾಗದ ಕಳಿಸಿ ಸಹಿ ಕೇಳ್ತಿದ್ದಾನೆ. ಇದು ಯಾವ ನ್ಯಾಯ? ಇಂಥ ಕಾನೂನು ಇರಬೇಕಾ? ತಮ್ಮ ಸಹಿ ಹಾಕಬಹುದಾ?

ಉತ್ತರ: ಕಾನೂನು ಇರಬೇಕಾ ಅನ್ನೋದಕ್ಕೆ ಮೊದಲು ಹೇಳಿಬಿಡ್ತೀನಿ: ಬೇಡ. ಡಿಸ್ಟ್ರಿಬ್ಯೂಟರುಗಳು ಇರಲಿ, ಬೇಕಾದವರು ಅವರ ಹತ್ತಿರ ಹೋಗಲಿ. ಹೋಗಲೇಬೇಕು ಅನ್ನುವ ಕಡ್ಡಾಯ ಮಾತ್ರ ಬೇಡ. ಹೇಳ್ತಿರೋಳು ಷಿಕಾಗೋ ಪಕ್ಕದ ಒಂದು ಬಿಯರ್ ಡಿಸ್ಟ್ರಿಬ್ಯೂಟರ್ ಆಫೀಸಿನಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು ಅನ್ನೋದೂ ನಿಮಗೆ ಗೊತ್ತಿರಲಿ. ಉಂಡ ಮನೆಯ ಜಂತೆ ಎಣಿಸ್ತಾಳೆ ಅಂತ ಹಳೆಯ ಸಹೋದ್ಯೋಗಿಗಳು ಬೈದರೆ ಬೈಯಲಿ.

ಆದರೆ ಈ ಕಾನೂನು ಮಾಡಿದವರೇನೂ ದಡ್ಡರಾಗಿರಲಿಲ್ಲ. ಷಿಕಾಗೋದಲ್ಲಿ ಬೆಲ್ಮಾಂಟ್ ಮತ್ತು ಸೌತ್‌ಪೋರ್ಟ್ ರಸ್ತೆಗಳು ಕೂಡುವ ಮೂಲೆಯಲ್ಲಿ 1903ರಲ್ಲಿ ಕಟ್ಟಿದ ಒಂದು ಇಟ್ಟಿಗೆ ಕಟ್ಟಡ ಇದೆ. ಈಗ ಅದು ಷೂಬಾಸ್ ಅನ್ನುವ ಬಾರ್, ಒಳಗೆ ಸಂಗೀತ ಕಾರ್ಯಕ್ರಮ ನಡೆಯುತ್ತವೆ. ಹೊರಗೆ ನಿಂತು ತಲೆಯೆತ್ತಿ ನೋಡಿದರೆ ಗೋಡೆಯಲ್ಲಿ ಒಂದು ಭೂಗೋಳದ ಉಬ್ಬುಚಿತ್ರ, ಅದಕ್ಕೆ ಸುತ್ತಿದ ಪಟ್ಟಿ, ಪಟ್ಟಿಯ ಮೇಲೆ ಷ್ಲಿಟ್ಸ್ ಎಂಬ ಹೆಸರು. ಷ್ಲಿಟ್ಸ್ ಅಂದರೆ ಮಿಲ್ವಾಕಿಯ ಬಿಯರ್ ಕಂಪನಿ. ಕಟ್ಟಡ ಕಟ್ಟಿಸಿದ್ದು ಅವರೇ. ಆ ಕಾಲದಲ್ಲಿ ಕಂಪನಿಯವರು ಬಾರ್ ನಡೆಸುವವನಿಗೆ ಕಟ್ಟಡ, ಕೌಂಟರ್, ಕನ್ನಡಿ, ಗ್ಲಾಸು ಎಲ್ಲ ಕೊಡುತ್ತಿದ್ದರು, ಲೈಸೆನ್ಸ್ ಫೀಸನ್ನೂ ಕಟ್ಟುತ್ತಿದ್ದರು. 1906ರಲ್ಲಿ ಷಿಕಾಗೋ ನಗರ ಆ ಫೀಸನ್ನು 500 ಡಾಲರಿನಿಂದ 1000 ಡಾಲರಿಗೆ ಏರಿಸಿತು. ಬಾರುಗಳು ಕಡಿಮೆಯಾಗಲಿ ಅನ್ನೋದು ಉದ್ದೇಶ. ಆದದ್ದೇನು? ಕೈಯಲ್ಲಿ ಅಷ್ಟು ದುಡ್ಡಿಲ್ಲದವರು ಇನ್ನಷ್ಟು ಜನ ಬಿಯರ್ ಕಂಪನಿಗಳ ಮುಂದೆ ಕೈಚಾಚಿದರು.

ಕೊಟ್ಟವನು ಸುಮ್ಮನೆ ಕೊಡ್ತಾನಾ? ನಮ್ಮ ಬಿಯರ್ ಬಿಟ್ಟು ಬೇರೆಯದು ಮಾರಬಾರದು, ಸಾಲ ತೀರೋವರೆಗೆ ಇಷ್ಟು ಪೀಪಾಯಿ ಖಾಲಿ ಮಾಡಲೇಬೇಕು. ಎದುರಿನ ಮೂಲೆಯಲ್ಲಿ ಇನ್ನೊಂದು ಕಂಪನಿಯ ಬಾರು, ಅವನಿಗೂ ಇದೇ ಒತ್ತಡ. ಹಾಗಾಗಿ ಉಪ್ಪುಪ್ಪಾದ ಊಟ ಬಿಟ್ಟಿ, ಕುಡಿತಕ್ಕೆ ಮಾತ್ರ ಕಾಸು. ಹೊತ್ತು ಮೀರಿದ ಮೇಲೂ ಬಾಗಿಲು ತೆರೆದೇ ಇರುತ್ತಿತ್ತು. ಪಾನನಿಷೇಧ ಬೇಕು ಅಂತ ಹೋರಾಡಿದವರಿಗೆ ಈ ‘ಕಟ್ಟುಬಿದ್ದ’ ಬಾರುಗಳಿಗಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ.

1920ರ ಜನವರಿಯಲ್ಲಿ ನಿಷೇಧ ಬಂತು, 1933ರ ಡಿಸೆಂಬರ್ 5ರಂದು ಸಂವಿಧಾನದ 21ನೇ ತಿದ್ದುಪಡಿಯಿಂದ ಹೋಯಿತು. ಮದ್ಯದ ಲಗಾಮು ಆಯಾ ರಾಜ್ಯಗಳ ಕೈಗೆ ಬಂತು. ಅದೇ ವರ್ಷ ಕೋಟ್ಯಧಿಪತಿ ಕಿರಿಯ ಜಾನ್ ರಾಕ್‌ಫೆಲರ್ ದುಡ್ಡು ಕೊಟ್ಟು ರೇಮಂಡ್ ಫಾಸ್ಡಿಕ್, ಆಲ್ಬರ್ಟ್ ಸ್ಕಾಟ್ ಇಬ್ಬರಿಂದ ಒಂದು ಅಧ್ಯಯನ ಮಾಡಿಸಿದ್ದ. ಹಳೆಯ ಬಾರುಗಳ ಕಾಲ ಮರಳಬಾರದು, ತಯಾರಕನ ಕೈ ಬಾರಿನ ಗಲ್ಲಾಪೆಟ್ಟಿಗೆಗೆ ತಲುಪಬಾರದು ಅನ್ನುವುದು ಅದರ ತಿರುಳು. ಬಹುಪಾಲು ರಾಜ್ಯಗಳು ಇದಕ್ಕೆ ಕಂಡುಕೊಂಡ ದಾರಿಯೇ ಮೂರು ಅಂತಸ್ತು: ಮಾಡುವವನು ಒಬ್ಬ, ಸಗಟು ವಿತರಿಸುವವನು ಇನ್ನೊಬ್ಬ, ಚಿಲ್ಲರೆ ಮಾರುವವನು ಮತ್ತೊಬ್ಬ. ಒಬ್ಬರ ವ್ಯವಹಾರದಲ್ಲಿ ಇನ್ನೊಬ್ಬರ ಪಾಲು ಇರಕೂಡದು.

ರೋಗ ಏನು ಅಂತ ಸರಿಯಾಗೇ ಹಿಡಿದಿದ್ದರು: ಸಾಲ, ಮಾಲೀಕತ್ವ, ಉಡುಗೊರೆ. ನನ್ನ ತಕರಾರು ಮದ್ದಿನ ಬಗ್ಗೆ.

ನಮ್ಮ ಆಫೀಸಿನ ಒಂದು ಸಂಜೆ ಹೇಗಿರುತ್ತಿತ್ತು ಕೇಳಿ. ಟ್ರಕ್ ಡ್ರೈವರುಗಳು ಒಬ್ಬೊಬ್ಬರೇ ಬಂದು ಜಿಪ್ ಹಾಕಿದ ಪೌಚು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಒಳಗೆ ಆ ದಿನದ ಇನ್‌ವಾಯ್ಸುಗಳು, ಪ್ರತಿಯೊಂದಕ್ಕೂ ಪಿನ್ ಹೊಡೆದ ಒಂದು ಚೆಕ್ಕು. ಇಲಿನಾಯ್‌ನಲ್ಲಿ ಬಿಯರ್‌ಗೆ ಉದ್ದರಿ ಇಲ್ಲ. ಮಾಲು ಕೊಟ್ಟಾಗಲೇ ದುಡ್ಡು. ವೈನ್, ವಿಸ್ಕಿಗಾದರೆ 30 ದಿನದ ಗಡುವು ಉಂಟು. ಮಾಲೀಕ ಚೆಕ್ ಬರೆಯದಿದ್ದರೆ ಕೆಗ್, ಅಂದರೆ ಬಿಯರ್ ತುಂಬಿದ ಲೋಹದ ಪೀಪಾಯಿ, ಟ್ರಕ್ಕಿನಿಂದ ಕೆಳಗಿಳಿಯೋದಿಲ್ಲ, ಅವನು ಡ್ರೈವರನ ಸ್ವಂತ ಭಾವಮೈದುನನಾದರೂ ಅಷ್ಟೇ. ಒಂದು ಇನ್‌ವಾಯ್ಸಿಗೆ ಚೆಕ್ ಇಲ್ಲದೆ ಬಂದರೆ ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ತಾವೇ ಫೋನ್ ಹಿಡಿಯುತ್ತಿದ್ದರು.

ಈ ನಿಯಮದ ಸೊಗಸು ನೋಡಿ. ಇದು ಡಿಸ್ಟ್ರಿಬ್ಯೂಟರ್‌ಗೆ ಹೇಗೋ, ಬಿಯರ್ ತಯಾರಿಸಿ ತಾನೇ ಕೊಡುವವನಿಗೂ ಹಾಗೇ. ಬಾರನ್ನು ಸಾಲದಲ್ಲಿ ಕಟ್ಟಿಹಾಕೋದನ್ನು ತಡೆಯೋದು ಈ ನಿಯಮ, ಟ್ರಕ್ಕಿನ ಮೇಲೆ ಯಾರ ಹೆಸರು ಬರೆದಿದೆ ಅನ್ನೋದಲ್ಲ. ತೆರಿಗೆ ವಸೂಲಿ ಸುಲಭ ಆಗುತ್ತೆ ಅಂತ ಇನ್ನೊಂದು ವಾದ ಉಂಟು. ರಾಜ್ಯಕ್ಕೆ ಗ್ಯಾಲನ್ನಿಗೆ 23.1 ಸೆಂಟು ಕಟ್ಟಬೇಕು, ಸಾವಿರ ಜನರಿಗಿಂತ ನೂರು ಜನರಿಂದ ವಸೂಲಿ ಮಾಡೋದು ಸುಲಭ, ನಿಜ. ಆದರೆ ಆ ರಿಟರ್ನ್ ತುಂಬೋಳು ನಾನೇ ಆಗಿದ್ದೆ. ಅದರಲ್ಲಿ ಬ್ರೂವರಿಯವರಿಗೆ ಮಾಡಲಾಗದ್ದು ಏನೂ ಇರಲಿಲ್ಲ.

ಈಗ ನಿಮ್ಮ ತಮ್ಮನ ವಿಷಯ. ಅವನಿಗೆ ಯಾರೋ ಅರ್ಧ ಸತ್ಯ ಹೇಳಿದ್ದಾರೆ. ಇಲಿನಾಯ್ 2011ರಲ್ಲೇ ಸಣ್ಣವರಿಗೆ ಒಂದು ಬಾಗಿಲು ತೆರೆದಿದೆ. ರಾಜ್ಯದ ಮದ್ಯ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿ ವಿನಾಯಿತಿ ಪಡೆದ ಸಣ್ಣ ಬ್ರೂವರಿ ವರ್ಷಕ್ಕೆ 2,32,500 ಗ್ಯಾಲನ್‌ವರೆಗೆ ತಾನೇ ಬಾರು, ಅಂಗಡಿಗಳಿಗೆ ಕೊಡಬಹುದು. ಹದಿನೈದೂವರೆ ಗ್ಯಾಲನ್ನಿನ ದೊಡ್ಡ ಕೆಗ್ ಲೆಕ್ಕದಲ್ಲಿ ಅದು 15,000 ಕೆಗ್. ಮೂವರು ಸ್ನೇಹಿತರು ಅಷ್ಟು ಮಾರುವ ದಿನ ಬಂದರೆ ನನಗೊಂದು ಮಾತು ತಿಳಿಸಿ, ಸಂತೋಷಪಡ್ತೀನಿ.

ಹಾಗಂತ ಡಿಸ್ಟ್ರಿಬ್ಯೂಟರ್ ಅಂದರೆ ಸುಮ್ಮನೆ ಕೂತು ಕಮಿಷನ್ ತಿನ್ನೋನು ಅಂದುಕೊಳ್ಳಬೇಡಿ. ತುಂಬಿದ ಕೆಗ್ ಒಂದೊಂದೂ ಸುಮಾರು 73 ಕೆಜಿ. ಅದನ್ನು ನೆಲಮಾಳಿಗೆಗೆ ಇಳಿಸಬೇಕು, ಖಾಲಿಯನ್ನು ಹತ್ತಿಸಬೇಕು. ಗೋಡೌನ್ ಇಡೀ ವರ್ಷ ತಣ್ಣಗಿರಬೇಕು. ಅಂಗಡಿಯ ಕಪಾಟಿನಲ್ಲಿ ದಿನಾಂಕ ಮೀರಿದ ಬಾಟಲಿಗಳನ್ನು ಹುಡುಕಿ ಹಿಂದಕ್ಕೆ ತರಬೇಕು. ಇದಕ್ಕೆಲ್ಲ ಅವರು ಬೆಲೆಯ ಕಾಲು ಭಾಗ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಇಟ್ಟುಕೊಂಡರೆ ನಾನು ಲೂಟಿ ಅನ್ನಲಾರೆ. ಬ್ರೂವರಿ ಬೆಳೆದ ಮೇಲೆ ನಿಮ್ಮ ತಮ್ಮನೇ ಇವರನ್ನು ಹುಡುಕಿಕೊಂಡು ಹೋಗ್ತಾನೆ.

ಆದರೆ ಆ ಕಾಗದಕ್ಕೆ ಈಗಲೇ ಸಹಿ ಬೇಡ. ಬಿಯರ್ ವಿತರಣೆಗೆ ಇಲಿನಾಯ್‌ನಲ್ಲಿ 1982ರಿಂದ ಒಂದು ಪ್ರತ್ಯೇಕ ಕಾನೂನಿದೆ. ಒಮ್ಮೆ ಒಂದು ಪ್ರದೇಶದ ಹಕ್ಕು ಕೊಟ್ಟರೆ, ಸಕಾರಣ ತೋರಿಸದೆ ವಾಪಸ್ ಪಡೆಯೋ ಹಾಗಿಲ್ಲ. ದೊಡ್ಡ ಕಂಪನಿಗಳು ರಾತ್ರೋರಾತ್ರಿ ಸಣ್ಣ ಡಿಸ್ಟ್ರಿಬ್ಯೂಟರನ್ನು ಬೀದಿಗೆ ತಳ್ಳಬಾರದು ಅಂತ ಮಾಡಿದ್ದು. ಈಗ ಬ್ರೂವರಿ ಚಿಕ್ಕದು, ಡಿಸ್ಟ್ರಿಬ್ಯೂಟರೇ ದೊಡ್ಡವನು. ಕಾನೂನು ಮಾತ್ರ ಅದೇ. ಮಿಚಿಗನ್‌ನ ಬೆಲ್ಸ್ ಬ್ರೂವರಿಗೆ 2006ರಲ್ಲಿ ಹೀಗೇ ಆಯಿತು. ಅದರ ಷಿಕಾಗೋ ಡಿಸ್ಟ್ರಿಬ್ಯೂಟರ್ ಬೆಲ್ಸ್ ಬಿಯರ್ ಮಾರುವ ಹಕ್ಕನ್ನು ಇನ್ನೊಬ್ಬರಿಗೆ ಮಾರಲು ಹೊರಟ. ಬಿಯರ್ ಮಾಡಿದವರಿಗೆ ಆ ಇನ್ನೊಬ್ಬರು ಬೇಡವಾಗಿತ್ತು. ಬೇರೆ ದಾರಿ ಕಾಣದೆ ಬೆಲ್ಸ್ ಇಲಿನಾಯ್ ಮಾರುಕಟ್ಟೆಯನ್ನೇ ಬಿಟ್ಟು ಹೋಯಿತು. ಮರಳಿ ಬಂದಾಗ ಹಳೆಯ ಬಿಯರುಗಳನ್ನು ಬಿಟ್ಟು ಬೇರೆ ಹೆಸರಿನವನ್ನು ತಂದಿತು. ತಮ್ಮನಿಗೆ ಹೇಳಿ: ಮೊದಲು ವಿನಾಯಿತಿಯ ಅರ್ಜಿ, ಒಂದು ಹಳೆಯ ವ್ಯಾನು. ಒಪ್ಪಂದ ಮಾಡಲೇಬೇಕು ಅನ್ನೋ ಕಾಲಕ್ಕೆ ಮದ್ಯದ ಕಾನೂನು ತಿಳಿದ ವಕೀಲರಿಗೆ ಫೀಸು ಕೊಟ್ಟು ಓದಿಸಲಿ, ಇಡೀ ರಾಜ್ಯ ಬರೆದುಕೊಡದೆ ಒಂದೆರಡು ಕೌಂಟಿ ಮಾತ್ರ ಕೊಡಲಿ.

ಪ್ರಶ್ನೆ: ಹಿಂದೊಮ್ಮೆ ನೀವು ಮಾತಿನ ಮಧ್ಯೆ ‘ಮೂರು ಅಂತಸ್ತಿನ ಕಡ್ಡಾಯ ಹೋಗಬೇಕು’ ಅಂತ ಬರೆದಿದ್ದಿರಿ. ಕಡ್ಡಾಯ ತೆಗೆದರೆ ದೊಡ್ಡ ಬಿಯರ್ ಕಂಪನಿಗಳೇ ಟ್ರಕ್ಕು, ಗೋಡೌನು, ಬಾರು ಎಲ್ಲವನ್ನೂ ಕೊಂಡು ಸಣ್ಣವರನ್ನು ನುಂಗಿಬಿಡುವುದಿಲ್ಲವೇ? ಮಧ್ಯವರ್ತಿ ಹೋದರೆ ಬೆಲೆಯಾದರೂ ಇಳಿಯುತ್ತದೆಯೇ?

ಉತ್ತರ: ನುಂಗುವ ಭಯ ಸುಳ್ಳಲ್ಲ. 2010ರಲ್ಲಿ ಬಡ್‌ವೈಸರ್‌ನ ಆನ್‌ಹೈಸರ್-ಬುಷ್ ಷಿಕಾಗೋದ ಒಂದು ವಿತರಣಾ ಕಂಪನಿಯನ್ನು ಪೂರ್ತಿ ಕೊಳ್ಳಲು ಹೊರಟಿತ್ತು. ರಾಜ್ಯ ಬಿಡಲಿಲ್ಲ. ಇಲಿನಾಯ್ ಒಳಗಿನ ಬ್ರೂವರಿಗಳಿಗೆ ಸ್ವಂತ ವಿತರಣೆ ಉಂಟು, ಹೊರಗಿನವರಿಗೆ ಯಾಕಿಲ್ಲ ಅಂತ ಕಂಪನಿ ಕೋರ್ಟಿಗೆ ಹೋಯಿತು. ಫೆಡರಲ್ ನ್ಯಾಯಾಧೀಶರು ತಾರತಮ್ಯ ಹೌದು ಅಂದರು, ಆದರೆ ಪರಿಹಾರವಾಗಿ ಒಳಗಿನವರಿಗೂ ಆ ಹಕ್ಕು ಬೇಡ ಅಂದುಬಿಟ್ಟರು! ಶಾಸನಸಭೆ ಗಡಿಬಿಡಿಯಲ್ಲಿ ಮಾಡಿದ್ದೇ ನಾನು ಮೇಲೆ ಹೇಳಿದ 2011ರ ಕಾನೂನು. ರಾಜ್ಯ ಯಾವುದು ಅನ್ನೋದನ್ನು ಬಿಟ್ಟು ಬ್ರೂವರಿ ಎಷ್ಟು ದೊಡ್ಡದು ಅನ್ನೋದನ್ನು ಅಳತೆಗೋಲು ಮಾಡಿತು. ನನಗೆ ಅದು ಒಪ್ಪಿಗೆ. ದೈತ್ಯರು ಡಿಸ್ಟ್ರಿಬ್ಯೂಟರುಗಳನ್ನೂ ಬಾರುಗಳನ್ನೂ ಕೊಳ್ಳದ ಹಾಗೆ ತಡೆ ಇರಲಿ. ಉಳಿದವರಿಗೆ ಆ ಗ್ಯಾಲನ್ ಮಿತಿಯನ್ನು ಇನ್ನೂ ಸಡಿಲಿಸಲಿ. ನಾರ್ತ್ ಕೆರೊಲಿನಾ 2019ರಲ್ಲಿ ತನ್ನ 25,000 ಬ್ಯಾರೆಲ್ (ಒಂದು ಬ್ಯಾರೆಲ್ ಅಂದರೆ 31 ಗ್ಯಾಲನ್) ಮಿತಿಯನ್ನು 50,000ಕ್ಕೆ ಏರಿಸಿತು.

ಇನ್ನೊಂದು ಮಾತು. ಮಧ್ಯದಲ್ಲಿ ಡಿಸ್ಟ್ರಿಬ್ಯೂಟರ್ ಇದ್ದರೆ ಸಣ್ಣ ಅಂಗಡಿಗೂ ದೊಡ್ಡ ಅಂಗಡಿಗೂ ಒಂದೇ ನ್ಯಾಯ ಅಂತ ಹೇಳುತ್ತಾ ಬಂದಿದ್ದಾರೆ. 2024ರ ಡಿಸೆಂಬರಿನಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೇಶದ ಅತಿ ದೊಡ್ಡ ಮದ್ಯ ಡಿಸ್ಟ್ರಿಬ್ಯೂಟರ್ ಸದರ್ನ್ ಗ್ಲೇಜರ್ಸ್ ಮೇಲೆ ದಾವೆ ಹೂಡಿತು. ದೊಡ್ಡ ಚೈನ್ ಅಂಗಡಿಗಳಿಗೆ ಕಡಿಮೆ ಬೆಲೆ, ಸಣ್ಣ ಸ್ವತಂತ್ರ ಅಂಗಡಿಗಳಿಗೆ ಹೆಚ್ಚು ಬೆಲೆ ಅನ್ನುವುದೇ ಆರೋಪ. ಕೋರ್ಟು ಏನೇ ಹೇಳಲಿ, ನಡುವಿನ ಅಂತಸ್ತೇ ದೈತ್ಯನಾಗಿ ಬೆಳೆಯಬಹುದು ಅನ್ನೋದನ್ನು 1933ರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆಲೆಯ ಆಸೆ ಬಿಡಿ. ವಾಷಿಂಗ್ಟನ್ ರಾಜ್ಯದಲ್ಲಿ 2011ರ ನವೆಂಬರಿನಲ್ಲಿ ಜನ ಮತ ಹಾಕಿ ಮದ್ಯ ಮಾರಾಟವನ್ನು ಸರ್ಕಾರದ ಕೈಯಿಂದ ಬಿಡಿಸಿದರು. ದೊಡ್ಡ ಚೈನ್ ಅಂಗಡಿ ಕಾಸ್ಟ್‌ಕೊ ಆ ಪ್ರಚಾರಕ್ಕೆ ಎರಡು ಕೋಟಿ ಡಾಲರಿಗೂ ಹೆಚ್ಚು ಸುರಿದಿತ್ತು. ಅಂಗಡಿಗಳು ನೇರವಾಗಿ ತಯಾರಕರಿಂದ ಕೊಳ್ಳಬಹುದು ಅಂತಲೂ ಆಯಿತು. 2012ರ ಜೂನ್ 1ರಂದು ಜನ ಸಂಭ್ರಮದಿಂದ ಅಂಗಡಿಗೆ ಹೋದರೆ ವಿಸ್ಕಿ ಮುಂಚಿಗಿಂತ ದುಬಾರಿ! ಸರ್ಕಾರಕ್ಕೆ ಬರುತ್ತಿದ್ದ ಹಣ ಕೈತಪ್ಪದಿರಲಿ ಅಂತ ಚಿಲ್ಲರೆ ಮಾರಾಟದ ಮೇಲೆ ಶೇ. 17, ವಿತರಕರ ಮೇಲೆ ಶೇ. 10 ಶುಲ್ಕವನ್ನು ಅದೇ ಕಾನೂನಿನಲ್ಲಿ ಸೇರಿಸಿದ್ದರು. ಹಳೆಯ ತೆರಿಗೆಗಳೂ ಹಾಗೇ ಇದ್ದವು.

ಪ್ರಶ್ನೆ: ಕ್ಯಾಲಿಫೋರ್ನಿಯಾದ ವೈನ್ ತೋಟಕ್ಕೆ ಹೋಗಿದ್ದೆವು. ಅಲ್ಲಿಯ ವೈನ್ ಇಲಿನಾಯ್‌ನ ಮನೆಗೇ ನೇರ ತರಿಸಿಕೊಳ್ಳಬಹುದೇ?

ಉತ್ತರ: ತರಿಸಬಹುದು. ರಾಜ್ಯದೊಳಗಿನ ವೈನರಿಗೆ ಒಂದು ಕಾನೂನು, ಹೊರಗಿನವರಿಗೆ ಇನ್ನೊಂದು ಮಾಡುವಂತಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಮಿಚಿಗನ್, ನ್ಯೂಯಾರ್ಕ್ ರಾಜ್ಯಗಳ ಪ್ರಕರಣದಲ್ಲಿ 5–4ರ ಬಹುಮತದಿಂದ ಹೇಳಿತು. ಅದೇ ತೀರ್ಪಿನಲ್ಲಿ ಮೂರು ಅಂತಸ್ತಿನ ವ್ಯವಸ್ಥೆ ನ್ಯಾಯಬದ್ಧವೇ ಅಂತಲೂ ಹೇಳಿದೆ ಅನ್ನೋದನ್ನು ಡಿಸ್ಟ್ರಿಬ್ಯೂಟರುಗಳು ಇವತ್ತಿಗೂ ಬಾಯಿಪಾಠ ಒಪ್ಪಿಸ್ತಾರೆ. ವೈನರಿಗೆ ಇಲಿನಾಯ್‌ನ ಶಿಪ್ಪರ್ ಲೈಸೆನ್ಸ್ ಇದೆಯೇ ಅಂತ ಮೊದಲು ಕೇಳಿ. ಒಂದು ವೈನರಿಯಿಂದ ಒಬ್ಬರಿಗೆ ವರ್ಷಕ್ಕೆ 12 ಕೇಸ್ ಮಿತಿ. ಪೆಟ್ಟಿಗೆ ಬಂದಾಗ 21 ವರ್ಷ ತುಂಬಿದವರು ಮನೆಯಲ್ಲಿದ್ದು ಸಹಿ ಹಾಕಬೇಕು. ಆಫೀಸಿನ ವಿಳಾಸ ಕೊಟ್ಟರೆ ಅಲೆದಾಟ ತಪ್ಪುತ್ತೆ. ಹೊರರಾಜ್ಯದ ಅಂಗಡಿಯಿಂದ ಮಾತ್ರ ಹೀಗೆ ತರಿಸುವ ಹಾಗಿಲ್ಲ, ವೈನರಿಯಿಂದಲೇ ಬರಬೇಕು.