ಓದುಗರ ಪ್ರಶ್ನೆ: ಬಾಟಲಿ ಲೆಕ್ಕ, ಮಳೆಗಾಲದ ಕೈಗಡ

ಪ್ರಶ್ನೆ: ನಾನು ಮಲೆಕುಡಿಯ ಸಮುದಾಯದವಳು, ಬಿ.ಕಾಂ. ಓದಿದ್ದೇನೆ. ನಮ್ಮೂರಿನ ಹದಿನೆಂಟು ಮನೆಯವರು ಕಾಡಿನಿಂದ ತರುವ ಹೆಜ್ಜೇನನ್ನು ಸಾಹುಕಾರರು ಬಾಟಲಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ಹೋದ ವರ್ಷ ನಾನೇ ಕೊಂಡು ಚಿಕ್ಕಮಗಳೂರಿನಲ್ಲಿ ಮಾರಲು ಹೊರಟೆ. ಜೇನು ನೊರೆ ಬಂದು ಹುಳಿಯಾಯಿತು. ಹೆಚ್ಚು ಬೆಲೆ ಕೊಟ್ಟರೂ ಅರ್ಧ ಜನ ಸಾಹುಕಾರರ ಬಳಿಗೇ ಹೋದರು. ತಪ್ಪೆಲ್ಲಿ?
(ಮೂಡಿಗೆರೆ ತಾಲ್ಲೂಕಿನ ಓದುಗರು)

ಉತ್ತರ: ಜನ ಯಾಕೆ ಹೋದರು ಎಂಬುದೇ ಮುಖ್ಯ. ಆಷಾಢದ ಮಳೆಗೆ ತೋಟದ ಕೂಲಿ ನಿಂತಾಗ ಅಕ್ಕಿಗೆ, ಆಸ್ಪತ್ರೆಗೆ ಕೈಗಡ ಕೊಡುವವರು ಸಾಹುಕಾರರೇ. ಅದು ಮುಂದಿನ ಬೇಸಿಗೆಯ ಜೇನಿನ ಮೇಲಿನ ಮುಂಗಡ. ಆ ಋಣ ತೀರುವ ತನಕ ನಿಮ್ಮ ಬೆಲೆ ಎಷ್ಟಿದ್ದರೂ ಜೇನು ಕೀಳುವವರ ಕೈ ಕಟ್ಟಿರುತ್ತದೆ. ಹಾಗಾಗಿ ಜೇನಿಗಿಂತ ಮೊದಲು ಮಳೆಗಾಲದ ನಿಧಿ ಕಟ್ಟಿ. ಮಾರಿದ ಪ್ರತಿ ಕೆ.ಜಿ.ಗೆ 20 ರೂಪಾಯಿ ಎತ್ತಿಟ್ಟರೆ 300 ಕೆ.ಜಿ.ಗೆ 6,000 ರೂಪಾಯಿ. ಹದಿನೆಂಟು ಮನೆಗೆ ಇದು ಸಾಲದು. ಸ್ವಸಹಾಯ ಸಂಘದ ಬ್ಯಾಂಕ್ ಸಾಲವನ್ನೂ ಸೇರಿಸಿ, ಋಣ ಹೆಚ್ಚಿರುವ ನಾಲ್ಕೈದು ಮನೆಗಳಿಂದ ಶುರು ಮಾಡಿ. ಈ ನಿಧಿಯಿಂದ ಕೊಡುವ ಕೈಗಡಕ್ಕೆ ಜೇನನ್ನು ಒತ್ತೆ ಕೇಳಬೇಡಿ. ಕೇಳಿದರೆ ಊರಿಗೆ ಇನ್ನೊಬ್ಬ ಸಾಹುಕಾರ ಬಂದಂತೆ.

ಬಾಟಲಿ ಲೆಕ್ಕ ಬಿಡಿ. 1 ಲೀಟರ್ ಜೇನು ಸುಮಾರು 1.4 ಕೆ.ಜಿ. ತೂಗುತ್ತದೆ. ಲೀಟರ್ ಬಾಟಲಿಯನ್ನು ಒಂದು ಕೆ.ಜಿ. ಎಂದು ಕೊಂಡರೆ ಜೇನು ಕಿತ್ತವರಿಗೆ 400 ಗ್ರಾಂ ನಷ್ಟ! ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ತಕ್ಕಡಿಯಲ್ಲಿ ಅವರೆದುರೇ ತೂಗಿ, ಚೀಟಿ ಬರೆದು, ಹಣ ಅಂದೇ ಕೊಡಿ.

ಹುಳಿಯಾಗಲು ಕಾರಣ ನೀರಿನಂಶ. ಆಹಾರ ಸುರಕ್ಷತಾ ಮಾನದಂಡದಲ್ಲಿ ಜೇನಿನ ತೇವಾಂಶ 20% ಮೀರಬಾರದು. ಮೇಣದ ಮುಚ್ಚಳ ಕಟ್ಟದ ಎರಿ (ಜೇನಿನ ಮೇಣದ ಗೂಡು) ಕಿತ್ತರೆ, ಮರಿ ಎರಿಯನ್ನೂ ಸೇರಿಸಿ ಹಿಂಡಿದರೆ ಹುಳಿ ಗ್ಯಾರಂಟಿ. ಜೇನು ತುಂಬಿದ ಭಾಗವನ್ನಷ್ಟೇ ಕೊಯ್ದು ಮರಿಯ ಭಾಗ ಬಿಡಲು ಹೇಳಿ. ಹಿಂಡದೆ ಸೋರಿಸಿ. ಜೇನಿಗೆಂದೇ ಬರುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟರೆ ತೇವಾಂಶ ಕಾಣುತ್ತದೆ. ಪ್ರತಿ ಮನೆಯದನ್ನೂ ಬೇರೆ ಬೇರೆಯಾಗಿ ನೋಡಿ. ಎಲ್ಲ ಬೆರೆಸಿದ ಮೇಲೆ ನೋಡಿದರೆ ಒಬ್ಬರ ತೆಳು ಜೇನು ಎಲ್ಲರದ್ದನ್ನೂ ಕೆಡಿಸಿರುತ್ತದೆ. ತೇವಾಂಶ ಹೆಚ್ಚಿದ್ದರೆ ಅಗಲ ಬಾಯಿಯ ಸ್ಟೀಲ್ ಪಾತ್ರೆಯನ್ನು ಬಿಸಿನೀರಿನೊಳಗಿಟ್ಟು 45 ಡಿಗ್ರಿ ಮೀರದಂತೆ ಕದಡುತ್ತಿರಿ. ನೇರ ಬೆಂಕಿ ಬೇಡ: ಎಚ್‌ಎಂಎಫ್ ಎಂಬ, ಜೇನು ಕಾದಷ್ಟೂ ಹೆಚ್ಚುವ ಅಂಶ ಏರಿ, ಕೆ.ಜಿ.ಗೆ 80 ಮಿ.ಗ್ರಾಂ. ಮಿತಿ ದಾಟಿದರೆ ಪರೀಕ್ಷೆಯಲ್ಲಿ ಬೀಳುತ್ತದೆ. ಈ ಕೆಲಸವೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಯಬೇಕು; ಜೇನು ಗಾಳಿಯ ತೇವವನ್ನೂ ಹೀರುತ್ತದೆ. ಬಟ್ಟೆಯಲ್ಲಿ ಸೋಸಿ, ಮೂರು ದಿನ ಮುಚ್ಚಿಟ್ಟು, ಮೇಲೆ ತೇಲಿದ ನೊರೆ, ಮೇಣ ತೆಗೆದು ತುಂಬಿಸಿ.

ಇನ್ನು ಕಾಗದ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(1)(ಸಿ) ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ, ಮಾರುವ ಹಕ್ಕು ಕೊಡುತ್ತದೆ, ಜೇನೂ ಅದರಲ್ಲಿದೆ. ಸಮುದಾಯದ ಅರ್ಜಿ ನಮೂನೆ ‘ಬಿ’. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಬೇಕು. ಇಷ್ಟು ಜನ (ಕೋರಂ) ಇಲ್ಲದ ನಿರ್ಣಯ, ಅದನ್ನು ಪರಿಶೀಲಿಸುವ ಉಪವಿಭಾಗ ಸಮಿತಿಯಲ್ಲಿ ನಿಲ್ಲದು. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ 60 ದಿನ. ಹಕ್ಕುಪತ್ರ ಬಂದ ಮೇಲೆ ಸಾಗಾಟದ ಪರವಾನಗಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದು. 2012ರ ತಿದ್ದುಪಡಿಯ ಪ್ರಕಾರ ಈ ಸಂಗ್ರಹಕ್ಕೆ ರಾಯಧನ, ಶುಲ್ಕ ಯಾವುದೂ ಇಲ್ಲ. ಯಾರಾದರೂ ಕೇಳಿದರೆ ರಸೀದಿ ಕೇಳಿ.

ಪ್ರಶ್ನೆ: ನಾವು ಹಕ್ಕಿಪಿಕ್ಕಿಯವರು, ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತೇವೆ. ‘ಬೊಕ್ಕತಲೆಯಲ್ಲಿ ಕೂದಲು ಬರುತ್ತದೆ’ ಎಂದು ಬಾಟಲಿ ಮೇಲೆ ಅಚ್ಚು ಹಾಕಿಸಬಹುದೆ?
(ಬೇಲೂರು ತಾಲ್ಲೂಕಿನ ಓದುಗರು)

ಉತ್ತರ: ಬೇಡ. ಔಷಧ ನಿಯಮಗಳ ‘ಜೆ’ ಪರಿಶಿಷ್ಟದಲ್ಲಿ (ವಾಸಿ ಮಾಡುತ್ತದೆ ಎಂದು ಹೇಳಬಾರದವುಗಳ ಪಟ್ಟಿ) ಬೊಕ್ಕತಲೆಯೂ ಇದೆ, ಹೊಸ ಕೂದಲು ಹುಟ್ಟಿಸುವ ಭರವಸೆಯೂ ಇದೆ. ಅಂಥ ಮಾತು ಹೇಳುವಂತಿಲ್ಲ. ಹಾಕಿದ ಸೊಪ್ಪು, ಬೇರಿನ ಹೆಸರು, ತಯಾರಾದ ದಿನ, ಬ್ಯಾಚ್ ಸಂಖ್ಯೆ, ವಿಳಾಸ ಬರೆಯಿರಿ. ತಯಾರಿಕೆಗೆ ಲೈಸೆನ್ಸ್ ಬೇಕು. ಆಯುರ್ವೇದ ಔಷಧ ಎಂದು ಮಾರುವುದಾದರೆ ಆಯುಷ್ ಇಲಾಖೆಯಲ್ಲಿ ವಿಚಾರಿಸಿ. ಕಾಯಿಸುವಾಗ ಸೊಪ್ಪಿನ ಚಟಪಟ ಪೂರ್ತಿ ನಿಲ್ಲಲಿ. ನೀರು ಉಳಿದರೆ ಎಣ್ಣೆ ಬೇಗ ಕಮಟುತ್ತದೆ.